ತಿಳದಷ್ಟ ಕೊಡ್ರಿ

ರೋಹಿಣಿ ಮಳೆ ಗುಡುಗಿನ ಗದ್ದಲವನ್ನಷ್ಟೇ ಮಾಡಿ ಹುಸಿಯಾಗಿ ಹೋಗಿ, ಮೃಗಶಿರೆಯ ಮೊದಲ ದಪ್ಪ ಹನಿಗಳು ಹುನಗುಂದದ ಕಾದ ಮಾಳಿಗೆಗಳ ಮೇಲೆ ಬಿದ್ದ ಮರುದಿನ ಮುಂಜಾನೆಯೇ, ನಮ್ಮ ಊರಿನ ಸಂಭಾವಿತ ಗೃಹಸ್ಥರ ಬಾಯಲ್ಲಿ ಪ್ರತಿವರ್ಷವೂ ತಪ್ಪದೆ ಕೇಳಿಬರುವ ಒಂದು ಪ್ರಲಾಪವುಂಟು. ಚಹದಂಗಡಿಯ ಬಾಕಿನ ಮೇಲೆ ಕುಳಿತವರು, ಇಳಕಲ್ಲಿನ ಬಸ್ಸಿಗೆ ಕಾದು ನಿಂತವರು, ಕುಬಸದ ಊಟದ ಪಂಕ್ತಿಯಲ್ಲಿ ಮಾದಲಿಯ ಮೇಲೆ ತುಪ್ಪ ಬೀಳುವುದನ್ನೇ ಎದುರುನೋಡುತ್ತಿರುವವರು, ಎಲ್ಲರೂ ಒಂದೇ ಗುರುವಿನಲ್ಲಿ ಪಾಠ ಹೇಳಿಸಿಕೊಂಡವರಂತೆ ಅದನ್ನೇ ಆಡುತ್ತಾರೆ: “ಈಗ ನಂಬಿಗಸ್ತ ಕೆಲಸದವರು ಎಲ್ಲಿ ಅದಾರ್ರೀ?” ಗೌಂಡಿ ಹೇಳಿದ ದಿನ ಬರುವುದಿಲ್ಲ, ನಳದವನು ಬಂದರೆ ಸೋರುತ್ತಿದ್ದುದರ ಜೊತೆಗೆ ಸೋರದಿದ್ದುದನ್ನೂ ಕೆಡಿಸಿ ಹೋಗುತ್ತಾನೆ, ಲೈಟಿನವನು ಫೋನು ಎತ್ತುವುದಿಲ್ಲ, ಬಡಿಗನಂತೂ ಬಾಗಿಲ ಚೌಕಟ್ಟಿಗೆಂದು ಮುಂಗಡ ಇಸಗೊಂಡು ಹೋದವನು, ಬಾಗಿಲಿಗೆ ಗೋಣಿಯ ಪರದೆ ಕಟ್ಟಿ ಒಂದು ದೀಪಾವಳಿ ಕಳೆದರೂ ಮುಖ ತೋರಿಸಿಲ್ಲ. ಈ ಮಾತು ನಮ್ಮ ಕಿವಿಯಲ್ಲಿ ಎಷ್ಟು ಸಲ ಬಿದ್ದಿದೆಯೆಂದರೆ, ಇದನ್ನು ಒಂದು ಸಲವಾದರೂ ಪರೀಕ್ಷಿಸಿ ನೋಡಬೇಕೆಂಬ ಬುದ್ಧಿಯೇ ಯಾರಿಗೂ ಹುಟ್ಟುವುದಿಲ್ಲ. ಆ ಪರೀಕ್ಷೆಯನ್ನು ಈಗ ನಾನು ಮಾಡಹೊರಟಿದ್ದೇನೆ. ಹೊರಟಿರುವವನು ಮೂವತ್ತು ವರ್ಷ ಇದೇ ಪ್ರಲಾಪದ ಮೇಳದಲ್ಲಿ ಹಿಮ್ಮೇಳ ಹಾಡಿದವನೆಂಬುದನ್ನು ವಾಚಕರು ಮೊದಲಿಗೇ ತಿಳಿದಿರುವುದು ಒಳ್ಳೆಯದು.

ಈ ಅಭಿಪ್ರಾಯದ ಬುಡದಲ್ಲಿರುವ ಕಲ್ಪನೆ ಇಂತಹದು: ನಂಬಿಕೆಗೆ ಅರ್ಹವಾಗಿರುವುದು ಕೆಲಸಗಾರನಿಗೆ ಹುಟ್ಟಿನಿಂದ ಬಂದ ಒಂದು ಗುಣ, ಅದು ಹಿಂದಿನವರಲ್ಲಿತ್ತು, ಇಂದಿನವರಲ್ಲಿಲ್ಲ, ಅಕಸ್ಮಾತ್ತಾಗಿ ಎಲ್ಲಿಯೋ ಒಬ್ಬನಲ್ಲಿ ಉಳಿದಿದ್ದರೆ ಅಂಥವನನ್ನು ಹುಡುಕಿ ತೆಗೆಯುವುದೇ ಜಾಣತನ. ಹೋರಿ ಕೊಳ್ಳುವಾಗ ಸುಳಿ ನೋಡಿ, ಹಲ್ಲು ಎಣಿಸಿ, ಬಾಲ ಜಗ್ಗಿ ನೋಡುವ ರೈತನಂತೆ, ಗೃಹಸ್ಥನು ನಾಲ್ಕು ಮಂದಿಯನ್ನು “ಅಂವ ಹೆಂಗದಾನ?” ಎಂದು ವಿಚಾರಿಸುತ್ತಾನೆ. ನಾಲ್ವರೂ ನಾಲ್ಕು ಬಗೆಯಾಗಿ ಹೇಳುತ್ತಾರೆ. ಕಡೆಗೆ ಇವನು ಎಲ್ಲರಿಗಿಂತ ಕಡಿಮೆ ಹೇಳಿದವನನ್ನು ಹಚ್ಚಿ, ಆತ ಕೆಡಿಸಿದಾಗ ಇಡೀ ಕಸುಬಿನವರನ್ನೇ ಬೈಯುತ್ತಾನೆ. ನನ್ನ ಅಭಿಪ್ರಾಯದಲ್ಲಿ ನಂಬಿಕೆಯೆಂಬುದು ರಕ್ತದಲ್ಲಿ ಹರಿಯುವ ಗುಣವಲ್ಲ, ಕೊಟ್ಟು ತೆಗೆದುಕೊಳ್ಳುವ ಕ್ರಮದಿಂದ ಹುಟ್ಟುವ ಫಲ. ದುರಸ್ತಿಯ ಕೆಲಸದಲ್ಲಿ ಆ ಕ್ರಮವನ್ನು ಕೆಡಿಸಿದವರು ಗೃಹಸ್ಥರಾದ ನಾವೇ. ಕೆಡಿಸಿದುದು ಹೇಗೆಂದರೆ, ಕೈಯಾಡಿಸಿದ್ದಕ್ಕೆ ಕೂಲಿ ಕೊಡಲು ಒಪ್ಪಿ, ತಿಳಿದು ನೋಡಿದ್ದಕ್ಕೆ ಕೊಡಲು ಒಪ್ಪದಿದ್ದುದರಿಂದ.

ಕೆಲಸ ಬಲ್ಲವರೇ ಈ ಕಡೆ ಉಳಿದಿಲ್ಲವೆಂಬುದು ಪ್ರಲಾಪದ ಮೊದಲ ಪಲ್ಲವಿ. ಇದನ್ನು ಕೇಳಿದಾಗಲೆಲ್ಲ ನನಗೆ ಹುನಗುಂದ ಬಾದಾಮಿ ತಾಲೂಕುಗಳಿಂದ ಸಂಜೆ ಹೊತ್ತಿಗೆ ಮಂಗಳೂರಿನ ಕಡೆಗೂ ಗೋವೆಯ ಕಡೆಗೂ ಹೊರಡುವ ಬಸ್ಸುಗಳು ನೆನಪಿಗೆ ಬರುತ್ತವೆ. ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಚೀಲದೊಳಗಿಂದ ತುದಿ ಇಣುಕುತ್ತಿರುವ ಥಾಪಿ, ಇಷ್ಟನ್ನು ಕಟ್ಟಿಕೊಂಡು ಹೆಂಡತಿ ಮಕ್ಕಳೊಡನೆ ಆ ಬಸ್ಸು ಹತ್ತುವವರು ಯಾರು? ಮಂಗಳೂರಿನ ಬಹುಮಹಡಿಯ ಕಟ್ಟಡಗಳಿಗೆ ಇಟ್ಟಂಗಿ ಹೊತ್ತು, ಗಿಲಾವು ಬಳಿದು, ಅಲ್ಲಿಯ ಆಷಾಢದ ಮಳೆಯನ್ನು ತಡೆದು ನಿಲ್ಲುವಂಥ ಗೋಡೆಗಳನ್ನು ಏರಿಸುತ್ತಿರುವವರಲ್ಲಿ ಬಾಗಲಕೋಟೆ ಜಿಲ್ಲೆಯವರು ಎಷ್ಟು ಮಂದಿಯೆಂಬುದು ಆ ಊರಿನಲ್ಲಿ ಒಂದು ದಿನ ಸುತ್ತಾಡಿ ಕಿವಿಗೊಟ್ಟು ಕೇಳಿದವರಿಗೆಲ್ಲ ಗೊತ್ತು. “ಏ ಯಪ್ಪಾ, ಕಡಿ ಹಾಕೋ” ಎಂಬ ನಮ್ಮ ಮಾತು ಅಲ್ಲಿ ಕಟ್ಟುತ್ತಿರುವ ಪ್ರತಿಯೊಂದು ಮಹಡಿಯ ಮೇಲಿನಿಂದ ಕೇಳಿಬರುತ್ತದೆ. ಸಮುದ್ರತೀರದ ಮಳೆಯನ್ನು ಗೆಲ್ಲಬಲ್ಲ ಕೈಗೆ, ವರ್ಷಕ್ಕೆ ಸುಮಾರು 600 ಮಿಲಿಮೀಟರು ಬೀಳುವ ನಮ್ಮ ಊರಿನ ಮಳೆಯನ್ನು ತಡೆಯಲು ಬಾರದೆಂದು ಹೇಳುವುದು ತರ್ಕವೇ?

ಇನ್ನು ಸಭೆ ಸಮಾರಂಭಗಳಲ್ಲಿ ಇದೇ ಪಲ್ಲವಿ ಅಲಂಕಾರ ತೊಟ್ಟು ಬರುವುದುಂಟು. ಐಹೊಳೆ ಪಟ್ಟದಕಲ್ಲುಗಳನ್ನು ಕೆತ್ತಿದ ನಾಡಿನಲ್ಲಿ ಇಂದು ಒಂದು ಬಾಗಿಲನ್ನು ಸರಿಯಾಗಿ ಕೂಡಿಸುವವನಿಲ್ಲವೆಂದು ಅಧ್ಯಕ್ಷರು ನಿಟ್ಟುಸಿರಿಡುತ್ತಾರೆ, ಸಭಿಕರು ತಲೆದೂಗುತ್ತಾರೆ. ಎಂಟನೆಯ ಶತಮಾನದಲ್ಲಿ, ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ, ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ಇವರೆಲ್ಲರೂ ಕಂಡವರೇ. ಆದರೆ ಅಲ್ಲಿಯ ಶಾಸನವನ್ನು ಓದಿಸಿ ಕೇಳಿದವರು ವಿರಳ. ಆ ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಅದರಲ್ಲಿದೆ. ಆತನಿಗೆ ಸಂದ ಗೌರವವೂ ತ್ರಿಭುವನಾಚಾರಿಯೆಂಬ ಬಿರುದೂ ಅದರಲ್ಲಿವೆ. ದಕ್ಷಿಣ ಭಾಗದ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿಯೇ ಕಲ್ಲಿನಲ್ಲಿ ನಿಂತಿದೆ. ಅಂದರೆ ಅರಸರು ಕಲ್ಲನ್ನು ಕೆತ್ತಿಸಿದುದಲ್ಲದೆ, ಕೆತ್ತಿದವನು ಯಾರೆಂಬುದನ್ನೂ ಕೆತ್ತಿಸಿದರು. ನಮ್ಮ ಮೊಬೈಲಿನಲ್ಲಿ ಇದೇ ಕಸುಬಿನವರು ಯಾವ ಬಿರುದಿನಿಂದ ವಿರಾಜಿಸುತ್ತಾರೆಂಬುದನ್ನು ವಾಚಕರು ತಮ್ಮ ತಮ್ಮ ಕಿಸೆಯಿಂದಲೇ ತೆಗೆದು ನೋಡಬಹುದು. ನನ್ನದರಲ್ಲಿ ‘ಗೌಂಡಿ 2’, ‘ನಳ ಹೊಸಾವ’, ‘ಲೈಟ್ ಕುಂಟ’ ಎಂದು ಇದ್ದವು. ಕೂಡಲಸಂಗಮವು ನಮ್ಮ ತಾಲೂಕಿನೊಳಗಿದೆಯೆಂದು ಎದೆಯುಬ್ಬಿಸುವ ನಾವು, ಬಾಚಿಯ ಕಾಯಕವನ್ನೇ ಹೆಸರಿನ ಮುಂದೆ ಧರಿಸಿದ ಬಾಚಿಕಾಯಕದ ಬಸವಯ್ಯನಂಥ ಶರಣನನ್ನು ಜಯಂತಿಯ ಭಾಷಣದಲ್ಲಿ ಸ್ಮರಿಸಿ, ಮನೆಗೆ ಬಂದು, ಬಾಗಿಲಲ್ಲಿ ಬಾಚಿ ಹಿಡಿದು ನಿಂತವನನ್ನು “ಏ” ಎಂದು ಕರೆಯುತ್ತೇವೆ.

ಆದರೆ ಹೆಸರು ಮರ್ಯಾದೆಗಳಷ್ಟೇ ಈ ವ್ಯಾಧಿಯ ಮೂಲವೆಂದು ಹೇಳಿದರೆ ಅದು ಸುಲಭದ ಭಾವುಕತೆಯಾದೀತು. ಮೂಲವು ದುರಸ್ತಿಯೆಂಬ ಕೆಲಸದ ಸ್ವರೂಪದಲ್ಲಿಯೇ ಇದೆ. ಅದನ್ನು ಸಾವಕಾಶವಾಗಿ ನೋಡಬೇಕು.

ಹೊಸ ಮನೆ ಕಟ್ಟುವುದು ಕಷ್ಟವೆಂದೂ ಹಳೆಯದನ್ನು ತಿದ್ದುವುದು ಹಗುರವೆಂದೂ ಲೋಕವೆಲ್ಲ ತಿಳಿದಿದೆ. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧ. ಹೊಸ ಗೋಡೆಗೆ ದಾರ ಹಿಡಿದರಾಯಿತು, ತೂಕದ ಗುಂಡು ಬಿಟ್ಟರಾಯಿತು. ನಿನ್ನೆಯದರ ಮೇಲೆ ಇಂದಿನದು ಏರುತ್ತ ಹೋಗುತ್ತದೆ. ಹಳೆಯ ಮನೆಯಾದರೋ ತನ್ನ ರೋಗವನ್ನು ತಾನು ಹೇಳಲಾರದ ಮೂಗಜ್ಜ. ನಮ್ಮ ಸೀಮೆಯ ಮೇಲ್ಮುದ್ದಿಯ ಮನೆಯನ್ನೇ ತೆಗೆದುಕೊಳ್ಳಿ: ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಎಲೆಸೊಪ್ಪಿನ ಹಾಸು, ಎಲ್ಲದರ ಮೇಲೆ ಹಾಳಮಣ್ಣಿನ ಹೊದಿಕೆ. ಅಡಿಗೆಮನೆಯ ನಡುವಿನಲ್ಲಿ ಹನಿ ಬೀಳುತ್ತಿದ್ದರೆ, ಅದು ಹರನಾಳಿಗೆ ಕಟ್ಟಿಕೊಂಡು ನೀರು ನಿಂತುದರಿಂದಲೋ, ಬೆಳಕಿಂಡಿಯ ಸುತ್ತಲಿನ ಮಣ್ಣು ಕುಸಿದುದರಿಂದಲೋ, ಹೆಗ್ಗಣ ತೋಡಿದುದರಿಂದಲೋ, ಹಿಂದಿನ ವರ್ಷ ಹುಲ್ಲು ಕೀಳದೆ ಬಿಟ್ಟು ಅದರ ಬೇರು ಇಳಿದುದರಿಂದಲೋ ಎಂಬುದು ಕೆಳಗೆ ನಿಂತು ಮೇಲೆ ನೋಡುವವನಿಗೆ ತಿಳಿಯದು. ಸಿಮೆಂಟಿನ ಮಾಳಿಗೆಯಾದರಂತೂ ನೀರಿನ ವಂಚನೆ ಇನ್ನೂ ಗಹನ. ಅದು ಒಂದು ಕಡೆ ಹೊಕ್ಕು, ಒಳಗೊಳಗೇ ಇಳುಕಲು ಹಿಡಿದು ಹರಿದು, ಹತ್ತು ಹನ್ನೆರಡು ಅಡಿಯಾಚೆ ಹೊರಬಿದ್ದು, ನಿರಪರಾಧಿಯಾದ ಮೂಲೆಯನ್ನು ಅಪರಾಧಿಯಂತೆ ತೋರಿಸುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಅದರ ಹೊದಿಕೆಯ ಸಿಮೆಂಟು ಪದರ ಪದರವಾಗಿ ಉದುರುವುದುಂಟು. ಉದುರಿದ ಜಾಗಕ್ಕೆ ಗಿಲಾವು ಬಳಿದರೆ ಅದು ಹುಣ್ಣಿನ ಮೇಲೆ ಅರಿಷಿಣ ಹಚ್ಚಿದಷ್ಟೇ ಸೈ.

ಎರೆಭೂಮಿಯ ಮೇಲೆ ಕಟ್ಟಿದ ಮನೆಗಳ ಕಥೆಯೂ ಇದೇ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಆ ಮಣ್ಣೇ ಪಾಯದ ಕೆಳಗೂ ಇರುತ್ತದೆಯೆಂಬುದನ್ನು ನಾವು ಮರೆಯುತ್ತೇವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು ಚೈತ್ರದಲ್ಲಿ ಬೆರಳು ಹೊಗುವಷ್ಟು ಅಗಲವಾಗಿ, ಭಾದ್ರಪದದಲ್ಲಿ ಕೂದಲಿನಷ್ಟು ಸಣ್ಣದಾಗುವುದನ್ನು ಕಂಡ ಬಲ್ಲ ಗೌಂಡಿಯು ಗೋಡೆಯನ್ನು ಮುಟ್ಟುವುದಿಲ್ಲ. ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದು, “ಗ್ವಾಡಿಗಿ ಏನೂ ಮಾಡೂದು ಬ್ಯಾಡ್ರಿ. ಬಚ್ಚಲದ ನೀರು ಪಾಯಾದ ಕಡಿ ಇಂಗಾಕತ್ತೈತಿ, ಅದಕ್ಕ ದಾರಿ ಮಾಡ್ರಿ” ಎನ್ನುತ್ತಾನೆ. ಇದು ನೂರಕ್ಕೆ ನೂರು ಸರಿಯಾದ ಚಿಕಿತ್ಸೆ. ಗೃಹಸ್ಥನ ಕಿವಿಗೆ ಇದು ಹೇಗೆ ಕೇಳಿಸುತ್ತದೆ? ಕೆಲಸ ತಪ್ಪಿಸಿಕೊಳ್ಳುವ ನೆವದಂತೆ! ಆತನು ಈ ಗೌಂಡಿಗೆ ಒಂದು ಬಟ್ಟಲು ಚಹ ಕುಡಿಸಿ ಕಳಿಸಿ, ಮರುದಿನ ಇನ್ನೊಬ್ಬನನ್ನು ಕರೆತಂದು, ಎರಡು ಪುಟ್ಟಿ ಸಿಮೆಂಟು ಕಲಸಿ ಬಿರುಕಿಗೆ ತುಂಬಿಸಿ, ಅವನಿಗೆ ಇಡೀ ದಿನದ ಪಗಾರ ಕೊಡುತ್ತಾನೆ. ರೋಗ ತಿಳಿದು ಹೇಳಿದವನಿಗೆ ಚಹ. ತಿಳಿಯದೆ ಬಳಿದವನಿಗೆ ಪಗಾರ. ಮುಂದಿನ ಚೈತ್ರಕ್ಕೆ ಬಿರುಕು ಮತ್ತೆ ಬಾಯಿ ತೆರೆದಾಗ, “ನಂಬಿಗಸ್ತರು ಉಳಿದಿಲ್ಲ” ಎಂಬ ಸಿದ್ಧಾಂತಕ್ಕೆ ಇನ್ನೊಂದು ದೃಷ್ಟಾಂತ ದೊರೆಯಿತು.

ಪರರ ದೃಷ್ಟಾಂತವೇಕೆ? ನನ್ನ ಮನೆಯದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಮೃಗಶಿರೆಯ ಮಳೆಯಲ್ಲಿ ನಮ್ಮ ಅಡಿಗೆಮನೆಯ ನೈಋತ್ಯದ ಮೂಲೆ ಒದ್ದೆಯಾಗಿ, ಹಿಟ್ಟಿನ ಡಬ್ಬಿಯ ಮೇಲೆ ಹನಿ ಬೀಳತೊಡಗಿತು. ನನ್ನ ಮೊಬೈಲಿನ ‘ಗೌಂಡಿ 2’ ಬಂದನು. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನಾನು ಒದ್ದೆಯಾದ ಮೂಲೆಯನ್ನು ತೋರಿಸಿದೆ; ಆತ ಅದನ್ನು ಒಂದು ಸಲ ನೋಡಿ ನೋಡದಂತೆ ಮಾಡಿ, ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಬರಿಗಾಲಲ್ಲಿ ಮಾಳಿಗೆ ಏರಿದ. ಒಂದು ಕೊಡ ನೀರು ಕೇಳಿ ಇಸಗೊಂಡು, ಒಂದು ಕಡೆ ಸುರುವಿ, ಅದು ಯಾವ ದಿಕ್ಕಿಗೆ ಹೋಗುತ್ತದೆಂದು ನೋಡುತ್ತ ಕುಕ್ಕರಗಾಲಲ್ಲಿ ಕುಳಿತ. ಆಮೇಲೆ ಥಾಪಿಯನ್ನು ತಿರುವಿ ಹಿಡಿದು, ಅದರ ಕಟ್ಟಿಗೆಯ ಹಿಡಿಕೆಯಿಂದ ನೆಲವನ್ನು ಗೇಣು ಗೇಣಿಗೆ ಬಡಿಯುತ್ತ ಹೋದ. ಟಕ್ ಟಕ್ ಎನ್ನುತ್ತಿದ್ದ ಸಪ್ಪಳ ಒಂದು ಕಡೆ ಟೊಳ್ಳಾಗಿ ಟಪ್ ಎಂದಿತು. ಅಲ್ಲಿ ಇಟ್ಟಂಗಿಯ ಚೂರಿನಿಂದ ಒಂದು ಗೆರೆ ಎಳೆದು, ಮತ್ತೆ ಮುಂದಕ್ಕೆ ಬಡಿದ. ಗೆರೆಗಳೆಲ್ಲ ಕೂಡಿ ಕಡೆಗೆ ಹೋಗಿ ನಿಂತದ್ದು, ಅಡಿಗೆಮನೆಯಿಂದ ಹನ್ನೊಂದು ಅಡಿ ಆಚೆಗೆ, ಟೀವಿಯ ಡಿಶ್ಶಿನವರು ಬೋಲ್ಟು ಜಡಿದು ಹೋಗಿದ್ದ ಕಾಲುಗಳ ಬುಡದಲ್ಲಿ. “ಇಲ್ಲಿ ಹೊಕ್ಕದ್ದು ಅಲ್ಲಿ ಬರಾಕತ್ತೈತ್ರಿ ಸರ” ಎಂದ. ಉಳಿಯಿಂದ ಆ ಜಾಗವನ್ನು ಕೆತ್ತಿ, ನೀರು ಹಾಕಿ ತೊಳೆದು, ಸಿಮೆಂಟು ಉಸುಕು ಕಲಸಿ ತುಂಬಿ, ಮೇಲೆ ಗೋಣಿತಟ್ಟು ಹಾಸಿ, ಮೂರು ದಿನ ಅದು ಒಣಗದಂತೆ ನೋಡಿಕೊಳ್ಳಲು ಹೇಳಿ ಕೆಳಗಿಳಿದ. ಬಂದು ಎರಡೂವರೆ ತಾಸಾಗಿತ್ತು. ಅದರಲ್ಲಿ ಎರಡು ತಾಸು ನೋಡಿದ್ದು, ಅರ್ಧ ತಾಸು ಮಾಡಿದ್ದು.

“ಎಷ್ಟು ಕೊಡಬೇಕಪಾ?” ಎಂದೆ.

“ತಿಳದಷ್ಟ ಕೊಡ್ರಿ ಸರ.”

ನಾನು ತಿಳಿದುಕೊಂಡದ್ದು ಹೀಗೆ: ಸಿಮೆಂಟು ಒಂದು ಬೊಗಸೆ, ಅದೂ ನಮ್ಮ ಮನೆಯದೇ, ಕೈ ಆಡಿದ್ದು ಅರ್ಧ ತಾಸು, ಉಳಿದ ಹೊತ್ತೆಲ್ಲ ಆತ ನೆಲ ಬಡಿಯುತ್ತ ಕುಳಿತಿದ್ದ. ನೂರೈವತ್ತು ರೂಪಾಯಿ ಕೊಟ್ಟೆ. ಆತ ನೋಟುಗಳನ್ನು ಎಣಿಸದೆ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡು, ಥಾಪಿಯನ್ನು ಗೋಣಿಯ ತುದಿಗೆ ಒರೆಸಿ, “ಬರ್ತೀನ್ರಿ” ಎಂದು ಹೋದ. ಆ ವರ್ಷ ಹನಿ ಬೀಳಲಿಲ್ಲ, ಮರುವರ್ಷವೂ ಬೀಳಲಿಲ್ಲ. ನಡುವೆ ಬಚ್ಚಲ ಗೋಡೆಗೆ ತೇವ ಏರಿದಾಗ ಆತನಿಗೆ ಫೋನು ಮಾಡಿದೆ. “ನಾಳಿ ಬರ್ತೀನ್ರಿ” ಎಂದ. ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ನಾಳೆಯೇ. ಆತ ನಂಬಿಗಸ್ತನಲ್ಲವೆಂದು ಓಣಿಗೆಲ್ಲ ಹೇಳಿಕೊಂಡು ಬಂದವನು ನಾನೇ.

‘ತಿಳದಷ್ಟ ಕೊಡ್ರಿ’ ಎಂಬ ಆ ಮಾತನ್ನು ನಾವು ವಿನಯವೆಂದು ತಿಳಿದು ಬಹಳ ಕಾಲ ಲಾಭ ಮಾಡಿಕೊಂಡಿದ್ದೇವೆ. ಅದು ವಿನಯವಲ್ಲ, ಅದೊಂದು ಪರೀಕ್ಷೆ. ಹೊಸ ಕೆಲಸಕ್ಕೆ ಚದರಿಗೆ ಇಷ್ಟೆಂದು ದರವುಂಟು, ದಿನಕ್ಕೆ ಇಷ್ಟೆಂದು ಪಗಾರವುಂಟು. ಅಲ್ಲಿ ಯಾವ ಗೌಂಡಿಯೂ ತಿಳಿದಷ್ಟು ಕೊಡಿ ಎನ್ನುವುದಿಲ್ಲ. ದರವಿಲ್ಲದುದು ನೋಡುವ ಕೆಲಸಕ್ಕೆ ಮಾತ್ರ. ಅದಕ್ಕೆ ತಾನು ಬಾಯಿಬಿಟ್ಟು ಬೆಲೆ ಹೇಳಿದರೆ “ಇಷ್ಟಕ್ಕ ಅಷ್ಟ?” ಎಂಬ ಉತ್ತರ ಬರುವುದೆಂದು ಇಪ್ಪತ್ತು ವರ್ಷದ ಅನುಭವದಿಂದ ಬಲ್ಲವನು, ಈ ಮನೆಯ ಯಜಮಾನನಿಗೆ ತಾನು ಮಾಡಿದುದೇನೆಂಬುದು ತಿಳಿಯಿತೋ ಇಲ್ಲವೋ ಎಂದು ಆ ಎರಡು ಮಾತಿನಿಂದ ಕೇಳುತ್ತಾನೆ. ನಾವು ಕೊಡುವ ನೋಟು ನಮ್ಮ ಉತ್ತರಪತ್ರಿಕೆ. ಅದನ್ನು ಕಿಸೆಗೆ ಹಾಕಿಕೊಂಡು ಹೋಗುವಾಗ ಆತ ಅಂಕ ಹಾಕಿಯೇ ಹೋಗಿರುತ್ತಾನೆ; ಫಲಿತಾಂಶವು ಮುಂದಿನ ಮಳೆಗಾಲದಲ್ಲಿ ‘ನಾಳಿ ಬರ್ತೀನ್ರಿ’ ಎಂಬ ರೂಪದಿಂದ ಪ್ರಕಟವಾಗುತ್ತದೆ.

ನೋಡಿದ್ದಕ್ಕೆ ಹಣ ಕೊಡುವುದು ನಮಗೆ ತಿಳಿಯದ ಸಂಗತಿಯೇನೂ ಅಲ್ಲ. ಡಾಕ್ಟರು ನಾಡಿ ಹಿಡಿದು, ಎದೆಗೆ ನಳಿಗೆ ಹಚ್ಚಿ, ಏನೂ ಇಲ್ಲ ಹೋಗಿ ಎಂದರೂ ಅವರ ಫೀಯನ್ನು ನಾವು ಎರಡೂ ಕೈಯಿಂದ ಕೊಡುತ್ತೇವೆ. ಏನೂ ಇಲ್ಲವೆಂದದ್ದಕ್ಕೆ ಇನ್ನಷ್ಟು ಸಂತೋಷದಿಂದ ಕೊಡುತ್ತೇವೆ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಮೊಬೈಲಿನ ಗುಂಡಿ ಒತ್ತಿ ಕರೆಸುವ ಸಮವಸ್ತ್ರದ ಕೆಲಸಗಾರನು, ಕೈಚೀಲ ಬಿಚ್ಚುವ ಮೊದಲೇ ಬಂದು ನೋಡಿದ್ದಕ್ಕೆ ಇಷ್ಟೆಂದು ಬಿಲ್ಲು ತೋರಿಸುತ್ತಾನೆ. ಅದನ್ನು ಅವರು ತುಟಿಪಿಟಕ್ಕೆನ್ನದೆ ಕೊಡುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರೇ, “ಬೆಂಗಳೂರಾಗ ಹಿಂಗಿಲ್ಲಪ್ಪ, ಕರೆದ ಹೊತ್ತಿಗೆ ಬರ್ತಾರ” ಎಂದು ತಂದೆಯ ಮುಂದೆ ಹೊಗಳುತ್ತಾರೆ. ಬರುತ್ತಾರೆ, ಸರಿ. ಬರುವುದಕ್ಕೆ ಅಲ್ಲಿ ಬೆಲೆಯುಂಟು, ಇಲ್ಲಿ ಇಲ್ಲ. ಆ ಬೆಲೆಯಲ್ಲಿ ಕೆಲಸಗಾರನ ಕೈಗೆ ಮುಟ್ಟುವ ಪಾಲು ಎಷ್ಟು, ನಡುವಿನವರ ಪಾಲು ಎಷ್ಟೆಂಬುದು ಬೇರೆಯ ಪ್ರಶ್ನೆ. ಆದರೆ ಸಮಯಪಾಲನೆಯೆಂಬುದು ಸಮವಸ್ತ್ರದ ಬಣ್ಣದಿಂದ ಬಂದುದಲ್ಲ.

ಈಗ ಪ್ರಲಾಪದ ಅತ್ಯಂತ ಬಲವಾದ ಭಾಗಕ್ಕೆ ಬರೋಣ: ಮುಂಗಡ ತೆಗೆದುಕೊಂಡು ಬಾರದಿರುವುದು. ಇದು ಸುಳ್ಳು ಎಂದು ನಾನು ಹೇಳಲಾರೆ. ಇದು ನಡೆಯುತ್ತದೆ, ನನಗೂ ನಡೆದಿದೆ. ಆದರೆ ಇದರ ಒಳಗಿನ ಯಂತ್ರವನ್ನು ಬಿಚ್ಚಿ ನೋಡಿದವರು ಎಷ್ಟು ಜನ? ಗೌಂಡಿಯೊಬ್ಬನು ನಮ್ಮ ಮನೆಯ ಕೆಲಸ ಮುಗಿಸುತ್ತಾನೆ. ಒಪ್ಪಂದದಲ್ಲಿ ಮುಕ್ಕಾಲು ಪಾಲು ಕೊಟ್ಟು, ಉಳಿದುದಕ್ಕೆ ನಾವು “ಒಂದ್ ಮಳಿ ಆಗ್ಲಿ, ನೋಡಿ ಕೊಡೂಣು” ಎನ್ನುತ್ತೇವೆ. ಮಳೆಯಾಗುತ್ತದೆ, ಆಗ “ನಾಳೆ ಬಾ” ಎನ್ನುತ್ತೇವೆ. ಒಂದು ಕಾಲಕ್ಕೆ ಈ ನಾಡಿನಲ್ಲಿ ದೆವ್ವವನ್ನು ಹಿಂದಕ್ಕೆ ಕಳಿಸಲು ಬಾಗಿಲ ಮೇಲೆ ಇದೇ ಎರಡು ಮಾತುಗಳನ್ನು ಬರೆಯುತ್ತಿದ್ದರು. ದೆವ್ವ ಹೋಯಿತೋ ಇಲ್ಲವೋ ಕಾಣೆ, ಬಾಕಿ ಕೇಳಲು ಬಂದವರಂತೂ ಹೋಗುತ್ತಾರೆ. ಇತ್ತ ಅವನ ಕೈಕೆಳಗಿನ ಇಬ್ಬರು ಆಳುಗಳು ಸಂತೆಯ ದಿನ ಅವನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಿರುತ್ತಾರೆ. ಅವರಿಗೆ ನಾಳೆ ಬಾ ಎಂದರೆ ಅವರ ಮನೆಯಲ್ಲಿ ಅಂದು ಒಲೆ ಹೊತ್ತದು. ಆತನು ಎರಡನೆಯ ಮನೆಯವರಿಂದ ಮುಂಗಡ ಇಸಗೊಂಡು ನಮ್ಮ ಮನೆಯ ಆಳುಗಳ ಪಗಾರ ತೀರಿಸುತ್ತಾನೆ. ಎರಡನೆಯ ಮನೆಗೆ ಸಾಮಾನು ತರಲು ಮೂರನೆಯವರ ಮುಂಗಡ ಬೇಕಾಗುತ್ತದೆ. ಹೀಗೆ ಒಂದು ಮನೆಯ ಬಾಕಿ ಇನ್ನೊಂದು ಮನೆಯ ಮುಂಗಡವನ್ನು ನುಂಗುತ್ತ ಹೋಗಿ, ಕಡೆಯ ಕೊಂಡಿಯಲ್ಲಿ ನಿಂತ ಯಾವನೋ ಸಾಧು ಗೃಹಸ್ಥನು ಮೋಸಹೋದೆನೆಂದು ಕೂಗುತ್ತಾನೆ. ಅವನ ಕೂಗು ನ್ಯಾಯವಾದುದೇ. ಆದರೆ ಅವನನ್ನು ಮೋಸಗೊಳಿಸಿದವನು ಗೌಂಡಿಯೋ, ಮೊದಲ ಕೊಂಡಿಯಲ್ಲಿ ‘ನಾಳೆ ಬಾ’ ಎಂದವನೋ?

ಕುಡಿತದ ಮಾತನ್ನು ಇಲ್ಲಿ ಯಾರಾದರೂ ಎತ್ತಿಯೇ ಎತ್ತುವರು. ಕುಡಿಯುವವರಿದ್ದಾರೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು, ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರೆಂದು ಮನೆಮನೆಗೆ ತಿರುಗಲಾರಂಭಿಸಿದ್ದು ಈ ಸೀಮೆಯ ದುಃಖವನ್ನು ಬಲ್ಲುದರಿಂದಲೇ; ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನವೆನಿಸಿದೆ. ಆದರೆ ಆ ಜೋಳಿಗೆಯು ಗೌಂಡಿಗಳ ಓಣಿಗೆ ಮಾತ್ರ ಹೋಯಿತೆಂದು ಯಾರೂ ಹೇಳಿಲ್ಲ. ಅಟ್ಟದ ಮೇಲೆ ಬಾಟಲಿ ಇಟ್ಟುಕೊಂಡ ಗೃಹಸ್ಥನು, ಬಾಯಲ್ಲಿ ವಾಸನೆಯಿದ್ದವನನ್ನು ಕಂಡು ಮೂಗು ಮುಚ್ಚಿಕೊಳ್ಳುವುದನ್ನು ನಾನು ಬಲ್ಲೆನಾದುದರಿಂದ ಈ ಆಕ್ಷೇಪಕ್ಕೆ ಇಷ್ಟು ಸಾಕು.

ಹಳೆಯ ಕಾಲವನ್ನು ನಾನು ಹೊಗಳುತ್ತಿರುವೆನೆಂದು ಯಾರೂ ಭ್ರಮಿಸಬಾರದು. ಆಯದ ಪದ್ಧತಿಯಲ್ಲಿ ಬಡಿಗ, ಕಂಬಾರ, ಕುಂಬಾರ ಮೊದಲಾದವರಿಗೆ ಸುಗ್ಗಿಯಲ್ಲಿ ಕಣಕ್ಕೇ ಬಂದು ಜೋಳ ಅಳೆದುಕೊಂಡು ಹೋಗುವ ಹಕ್ಕಿತ್ತು. ಪ್ರತಿಯಾಗಿ ರೈತನ ಕೂರಿಗೆ ಕುಂಟೆಗಳನ್ನು ವರ್ಷವಿಡೀ ನೋಡಿಕೊಳ್ಳುವ ಹೊಣೆ ಅವರದಾಗಿತ್ತು. ಇದರಲ್ಲಿ ಒಂದು ವಿವೇಕವುಂಟು: ಮುರಿದ ಲೆಕ್ಕದ ಮೇಲೆ ಕೂಲಿಯಲ್ಲ, ಮುರಿಯದಂತೆ ನೋಡಿಕೊಂಡುದಕ್ಕೆ ಕೂಲಿ, ಕೂರಿಗೆ ಎಷ್ಟು ಕಡಿಮೆ ಮುರಿದರೆ ಬಡಿಗನಿಗೆ ಅಷ್ಟು ಕಡಿಮೆ ದುಡಿಮೆ, ಅಷ್ಟೇ ಜೋಳ. ಇಂದಿನ ನಮ್ಮ ಪದ್ಧತಿಯಲ್ಲಿ ನಳ ಎಷ್ಟು ಸಲ ಸೋರಿದರೆ ನಳದವನಿಗೆ ಅಷ್ಟು ಲಾಭ. ಹೀಗೆ ಕಟ್ಟಿಟ್ಟು, ಆತ ಕೆಡಿಸುತ್ತಾನೆಂದು ಆಶ್ಚರ್ಯಪಡುತ್ತೇವೆ. ಆದರೆ ಅದೇ ಆಯದ ಪದ್ಧತಿಯು ಮನುಷ್ಯನನ್ನು ಅವನ ಅಪ್ಪನ ಕಸುಬಿಗೆ ಕಟ್ಟಿಹಾಕಿತ್ತು. ಕೆಲವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಅವರ ಪಾಲಿನ ಕಾಳನ್ನು ಮೇಲಿನಿಂದ ಸುರಿಯುತ್ತಿತ್ತು. ಅದು ಅಳಿದುದಕ್ಕೆ ನನಗೆ ಎಳ್ಳಷ್ಟೂ ವ್ಯಥೆಯಿಲ್ಲ. ನಾನು ಹೇಳುವುದು, ಅದರ ಅನ್ಯಾಯವನ್ನು ಬಿಟ್ಟುಕೊಟ್ಟಾಗ ಅದರ ಲೆಕ್ಕದ ವಿವೇಕವನ್ನೂ ಬಾನಿಯ ನೀರಿನೊಡನೆ ಚೆಲ್ಲಿದೆವೆಂಬುದು.

ಸರಕಾರವೂ ನೋಡುವ ಕೆಲಸವನ್ನು ಕಾಣುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಿಸಲು ಹಿಂದಿನ ವರ್ಷ 90 ದಿನ ದುಡಿದುದಕ್ಕೆ ಪ್ರಮಾಣ ಬೇಕು. ಒಬ್ಬನೇ ಗುತ್ತಿಗೆದಾರನ ಕೈಕೆಳಗೆ ದುಡಿದವನಿಗೆ ಇದು ಸುಲಭ. ವರ್ಷದಲ್ಲಿ ನೂರು ಮನೆಗಳ ಮಾಳಿಗೆ ಹತ್ತಿ ಅರ್ಧರ್ಧ ದಿನ ದುಡಿದವನು ಯಾರ ಸಹಿಗಾಗಿ ಅಲೆಯಬೇಕು? 2023ರ ಸಪ್ಟಂಬರ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೌಂಡಿಯೂ ಬಡಿಗನೂ ಇದ್ದಾರೆ, 15,000 ರೂಪಾಯಿಯ ಸಲಕರಣೆಯ ನೆರವೂ ಉಂಟು. ನಳದವನೂ ಲೈಟಿನವನೂ ಅದರಲ್ಲಿಲ್ಲ.

ಕಡೆಯ ಆಕ್ಷೇಪವು ಕಾಲದ್ದು: ಬೇಕಾದಾಗ ಬರುವುದಿಲ್ಲವಲ್ಲ? ಬೇಕಾದಾಗ ಎಂದರೆ ಯಾವಾಗ? ಮೃಗಶಿರೆ ಸುರಿದ ಮರುದಿನ. ಆ ದಿನ ಗೌಂಡಿಯು ಗೌಂಡಿಯಲ್ಲ, ರೈತ. ಎರಡೆಕರೆಯೋ ಮೂರೆಕರೆಯೋ ಮಸಾರಿ ಹೊಲದಲ್ಲಿ ಹೆಸರು ಬಿತ್ತುವ ಹದ ಬಂದಿರುತ್ತದೆ. ಮಂಗಳೂರಿಗೆ ಹೋದವನು ಕೂಡ ಅದಕ್ಕಾಗಿಯೇ ಓಡಿ ಬಂದಿರುತ್ತಾನೆ. ಆ ಹದ ನಾಲ್ಕು ದಿನ ಮೀರಿದರೆ ಅವನ ವರ್ಷವೇ ಮೀರಿದಂತೆ. ಫಾಲ್ಗುಣದಿಂದ ವೈಶಾಖದವರೆಗೆ, ಬಿಸಿಲಿಗೆ ಮಾಳಿಗೆಯ ಬಿರುಕುಗಳೆಲ್ಲ ತಾವೇ ಬಾಯಿಬಿಟ್ಟು ತೋರುತ್ತಿದ್ದಾಗ, ಅವನು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತಿದ್ದಾಗ, ನಮ್ಮಲ್ಲಿ ಒಬ್ಬನಾದರೂ ಅವನನ್ನು ಕರೆದನೇ? ಇದೇ ತಾಲೂಕಿನ ರೈತರು ಎರೆಹೊಲದ ಒಡ್ಡುಗಳನ್ನು ಮಳೆಗೆ ಮೊದಲೇ ತಿದ್ದಿ, ಹೆಚ್ಚಿನ ನೀರು ಹೊಲ ಕೊಚ್ಚದೆ ಇಳಿದು ಹೋಗುವಂತೆ ಕಲ್ಲಿನ ಕೋಡಿ ಕಟ್ಟುವುದರಲ್ಲಿ ದೂರದವರೂ ಬಂದು ನೋಡುವಷ್ಟು ನಿಪುಣರು. ಹೊಲದ ಒಡ್ಡಿಗೆ ಇರುವ ಮುಂದಾಲೋಚನೆ ಅದೇ ರೈತನ ಮಾಳಿಗೆಗೆ ಇಲ್ಲ. ಇಳಕಲ್ಲಿನ ಸೀರೆ ಕೊಳ್ಳುವ ನಮ್ಮ ಹೆಣ್ಣುಮಕ್ಕಳು ಒಡಲಿಗೆ ಸೆರಗು ಕೂಡಿದ ಕೊಂಡಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಜಗ್ಗಿ ನೋಡಿ, ಗಟ್ಟಿ ನೇಯ್ದವನ ಮನೆಗೇ ಮತ್ತೆ ಹೋಗುತ್ತಾರೆ, ನಾಲ್ಕು ದುಡ್ಡು ಹೆಚ್ಚಾದರೂ ಹೋಗುತ್ತಾರೆ. ಗೋಡೆಗೆ ಮಾಳಿಗೆ ಕೂಡಿದ ಕೊಂಡಿಯನ್ನು ಗಂಡಸರು ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ.

ಈ ವರ್ಷ ವೈಶಾಖದಲ್ಲಿಯೇ ನಾನು ಆ ಗೌಂಡಿಯ ಮನೆಯನ್ನು ಹುಡುಕಿಕೊಂಡು ಹೋದೆ. ಊರಿನ ಅಂಚಿನಲ್ಲಿ ಎರಡು ಅಂಕಣದ ಮನೆ. ಮಾಳಿಗೆಗೆ ಹೊಸ ಹಾಳಮಣ್ಣು ಬಿದ್ದು, ಹರನಾಳಿಗೆಗಳು ಕೆರೆದು ಸ್ವಚ್ಛವಾಗಿದ್ದವು. ಆತ ಇರಲಿಲ್ಲ. ಶಿವರಾತ್ರಿ ಆದ ಮೇಲೆ ಮಗನನ್ನು ಕರೆದುಕೊಂಡು ಮಂಗಳೂರಿಗೆ ಹೋದವನು ಇನ್ನೂ ಬಂದಿಲ್ಲವೆಂದು ಅವನ ಹೆಂಡತಿ ಹೇಳಿದಳು. ನಾನು ಕಿಸೆಯಿಂದ ಐದುನೂರರ ನೋಟು ತೆಗೆದು, ಎರಡು ವರ್ಷದ ಹಿಂದಿನ ಬಾಕಿಯೆಂದು ನೀಡಿದೆ. ಆಕೆ ಕೈ ಚಾಚಲಿಲ್ಲ.

“ಯಾತರ ಬಾಕಿರೀ? ಅವ್ರು ನಿಮ್ಮದೇನೂ ಹೇಳಿಲ್ಲಲ್ರೀ.”

“ಮಾಳಿಗಿ ನೋಡಿದ್ರವ್ವ. ಅದರದು.”

“ನೋಡಿದ್ದಕ್ಕ?” ಎಂದು ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಕಾರಹುಣ್ಣಿಮಿಗೆ ಬಿತ್ತಾಕ ಬರ್ತಾರ್ರಿ, ಅವ್ರ ಕೈಯಾಗ ಕೊಡ್ರಿ. ನನಗ ತಿಳಿಯೂದಿಲ್ಲ” ಎಂದು ಒಳಗಿನಿಂದ ಒಂದು ತಂಬಿಗೆ ನೀರು ತಂದುಕೊಟ್ಟಳು. ಅವನ ಹೆಸರೇನೆಂದು ಆಗಲೇ ಕೇಳಿ, ಅವಳೆದುರಿಗೇ ಮೊಬೈಲಿನಲ್ಲಿ ‘ಗೌಂಡಿ 2’ ಎಂಬುದನ್ನು ಅಳಿಸಿ ಬರೆದುಕೊಂಡೆ. ಕಾರಹುಣ್ಣಿವೆಗೆ ಇನ್ನೂ ಇಪ್ಪತ್ತು ದಿನವಿದೆ. ಬಚ್ಚಲ ಗೋಡೆಯ ತೇವ ಮೊಳಕಾಲಿನಿಂದ ಸೊಂಟದವರೆಗೆ ಏರಿದೆ.